ನಾಲ್ಕೂವರೆ ವರ್ಷದ ಮಗುವಿಗೆ ಮನೆಯಲ್ಲೇ ಅಕ್ಷರ, ಲೆಕ್ಕ ಕಲಿಸೋದು ಹೇಗೆ?

ಪ್ರಶ್ನೆ: ಮಗಳು ಎಲ್‌ಕೆಜಿ. ಅ ಆ ಇ ಈ ಗಡಗಡ ಹೇಳ್ತಾಳೆ, 1ರಿಂದ 50ರ ತನಕ ಎಣಿಸ್ತಾಳೆ. ಆದ್ರೆ ಮಧ್ಯದಿಂದ ಒಂದು ಅಕ್ಷರ ತೋರಿಸಿದ್ರೆ ಗೊತ್ತಾಗಲ್ಲ. ಐದು ಚಮಚ ತಾ ಅಂದ್ರೆ ಒಂದು ಹಿಡಿ ತಂದಿಡ್ತಾಳೆ. ದಿನಾ ಎರಡು ಪುಟ ಬರೆಸ್ತೀನಿ, ಅಳ್ತಾಳೆ. ಒಂದನೇ ಕ್ಲಾಸಿಗೆ ಹೋಗೋ ಹೊತ್ತಿಗೆ ಕಾಗುಣಿತ ಬರಲೇಬೇಕು ಅಂತಾರೆ ನಮ್ಮತ್ತೆ. ಏನು ಮಾಡಲಿ?

ಉತ್ತರ:

ಮೊದಲು ಆ ಎರಡು ಪುಟ ನಿಲ್ಲಿಸಿ. ಉಳಿದದ್ದು ಆಮೇಲೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ತರಗತಿ, ಅಂದರೆ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ತರಗತಿ, ನೋಡಿಕೊಳ್ಳುವವಳು. ಪ್ರತಿ ಜೂನ್‌ನಲ್ಲೂ ನಿಮ್ಮ ಮಗಳಂಥ ಮಕ್ಕಳು ನನ್ನ ಮುಂದೆ ಬಂದು ಕೂರುತ್ತಾರೆ. ಬಾಯಿಪಾಠ ಪೂರ್ತಿ ಬಂದಿರುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ, ದಡ್ಡತನವೂ ಅಲ್ಲ. 50ರ ತನಕ ಹೇಳುವುದು ಅವಳಿಗೆ ಒಂದು ಹಾಡು ಹೇಳಿದ ಹಾಗೆ. ಹಾಡಿನಲ್ಲಿ ‘ಐದು’ ಅನ್ನೋ ಪದ ‘ನಾಲ್ಕು’ ಆದಮೇಲೆ ಬರುತ್ತದೆ, ಅಷ್ಟೇ ಅವಳಿಗೆ ಗೊತ್ತು. ಐದು ಅಂದರೆ ಇಷ್ಟು ಅಂತ ಇನ್ನೂ ಗೊತ್ತಾಗಬೇಕು.

ಅತ್ತೆಯವರಿಗೆ ಮೊದಲು ಸಮಾಧಾನ ಹೇಳಿಬಿಡೋಣ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಅನ್ನೋ ಯೋಜನೆ ಶುರು ಮಾಡಿತು. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೇ ಅಂತ ಇರುವ ಯೋಜನೆ ಅದು. ಒಂದನೇ ತರಗತಿಗೆ ಮುಂಚಿನ ವರ್ಷ ಮುಗಿಯುವ ಹೊತ್ತಿಗೆ ಮಗುವಿಗೆ ಏನು ಬರಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಎರಡು ಮೂರು ಅಕ್ಷರದ ಸುಲಭ ಪದ ಓದಬೇಕು, 10ರ ತನಕ ಅಂಕಿ ಗುರುತಿಸಬೇಕು. ಬಹುತೇಕ ಅಷ್ಟೇ. 99ರ ತನಕ ಓದಿ ಬರೆಯುವುದು ಒಂದನೇ ತರಗತಿಯ ಕೊನೆಗೆ. ನಿಮ್ಮ ಮಗಳಿಗೆ ಇನ್ನೂ ಯುಕೆಜಿ ಪೂರ್ತಿ ಬಾಕಿ ಇದೆ. ಇಡೀ ಕಾಗುಣಿತ ಯಾರೂ ಕೇಳುತ್ತಿಲ್ಲ.

ಈಗ ಆ ಚಮಚದ ವಿಷಯ. ನೀವು ಗೊತ್ತಿಲ್ಲದೆಯೇ ಒಳ್ಳೇ ಪರೀಕ್ಷೆ ಮಾಡಿದ್ದೀರಿ. ಮಕ್ಕಳ ಎಣಿಕೆ ಬಗ್ಗೆ ಅಧ್ಯಯನ ಮಾಡುವವರು ಮಾಡುವುದೂ ಇದನ್ನೇ, ‘ಇಷ್ಟು ಕೊಡು’ ಅಂತ ಕೇಳುತ್ತಾರೆ. ಮಕ್ಕಳು ಮೊದಲು ಒಂದು ಕೊಡಲು ಕಲಿಯುತ್ತಾರೆ, ಆಮೇಲೆ ಎರಡು, ಆಮೇಲೆ ಮೂರು. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಹಿಡಿಯಬಹುದು. ಅದಾದಮೇಲೆ ಒಂದು ದಿನ ‘ಎಣಿಸಿ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು’ ಅನ್ನೋದು ತಲೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಜೋರು ಓಟ.

ಹಾಗಾಗಿ 50 ಬಿಡಿ, ಸದ್ಯಕ್ಕೆ ಮೂರಕ್ಕೆ ಬನ್ನಿ. ಮೂರು ಚಮಚ ತರ್ತಾಳಾ? ತಂದರೆ ನಾಲ್ಕು ಕೇಳಿ. ಊಟಕ್ಕೆ ತಟ್ಟೆ ಇಡುವ ಕೆಲಸ ಅವಳಿಗೇ ಕೊಡಿ. ಅಜ್ಜಿಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು, ನನಗೊಂದು. ಇಟ್ಟಾದಮೇಲೆ ನೀವು ಜೊತೆಗೆ ಎಣಿಸಿ, ‘ಒಂದು, ಎರಡು, ಮೂರು, ನಾಲ್ಕು... ನಾಲ್ಕು ತಟ್ಟೆ’ ಅಂತ ಕೊನೆಯ ಸಂಖ್ಯೆಯನ್ನು ವಸ್ತುವಿನ ಹೆಸರಿನ ಜೊತೆ ಇನ್ನೊಮ್ಮೆ ಹೇಳಿ. ಆ ಎರಡನೇ ‘ನಾಲ್ಕು’ ಇದೆಯಲ್ಲ, ಪಾಠ ಇರೋದು ಅದರಲ್ಲಿ. ‘ಇವತ್ತು ಚಿಕ್ಕಮ್ಮ ಬರ್ತಾರೆ, ಇನ್ನೊಂದು ಬೇಕು, ಈಗ ಎಷ್ಟು?’ ಅಂದರೆ ಕೂಡೋದು ಶುರುವಾಯಿತು. ಪೆನ್ಸಿಲ್ ಇನ್ನೂ ಹೊರಗೆ ಬಂದಿಲ್ಲ ನೋಡಿ.

ಆಟಕ್ಕೆ ಬಂದರೆ ನನ್ನ ಮೊದಲ ಓಟು ಚೌಕಾಬಾರಕ್ಕೆ. ನಿಮ್ಮತ್ತೆಗೆ ಖಂಡಿತ ಗೊತ್ತಿರುತ್ತದೆ, ಅವರನ್ನೇ ಗುರು ಮಾಡಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಕಡೆ ಮಾತ್ರ ಒರಟು ಕಲ್ಲಿನ ಮೇಲೆ ಉಜ್ಜಿ. ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುವ ತನಕ ಉಜ್ಜಬೇಕು. ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕಾ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರಾ, ಎಂಟು. ಶುರುವಿನಲ್ಲಿ ಮಗು ಬಿದ್ದ ಬೀಜವನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತದೆ. ಕೆಲವು ದಿನ ಆಡಿದಮೇಲೆ ಬೀಜ ನೆಲಕ್ಕೆ ಬೀಳುತ್ತಿದ್ದ ಹಾಗೆಯೇ ‘ಮೂರು!’ ಅಂತ ಕೂಗುತ್ತದೆ, ಎಣಿಸುವುದೇ ಇಲ್ಲ. ಈ ಒಂದೇ ನೋಟಕ್ಕೆ ಗೊತ್ತಾಗುವ ಶಕ್ತಿಯನ್ನು ಯಾವ ವರ್ಕ್‌ಬುಕ್ಕೂ ಇಷ್ಟು ಚೆನ್ನಾಗಿ ಬೆಳೆಸುವುದನ್ನು ನಾನು ನೋಡಿಲ್ಲ. ಎರಡು ಬಿಳಿ ಬಿದ್ದರೆ ಎರಡು ಕಪ್ಪು, ಮೂರು ಬಿಳಿ ಬಿದ್ದರೆ ಒಂದು ಕಪ್ಪು ಅನ್ನೋದೂ ಹಾಗೇ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಇವಳಿಗಿಂತ ಚಿಕ್ಕ ಮಗು ಇದ್ದರೆ ಮಾತ್ರ ಬೀಜ ಎಣಿಸಿ ಎತ್ತಿಡಿ, ಮೂಗಿಗೆ ತುರುಕಿಕೊಳ್ಳುತ್ತವೆ.

ಚೌಕಾಬಾರದ ನಿಯಮ ಇನ್ನೂ ಕಷ್ಟ ಅನ್ನಿಸಿದರೆ ನೆಲದ ಮೇಲೆ ಬಳಪದಲ್ಲಿ ಸಾಲಾಗಿ ಹತ್ತು ಮನೆ ಬರೆಯಿರಿ, 1ರಿಂದ 10 ಅಂಕಿ ಹಾಕಿ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥದ್ದೇ ಆಟವನ್ನು ಬಡ ಕುಟುಂಬದ ಚಿಕ್ಕ ಮಕ್ಕಳ ಜೊತೆ ಆಡಿಸಿ ನೋಡಿದರು, 2008ರಲ್ಲಿ ಅದನ್ನು ಪ್ರಕಟಿಸಿದರು. ಎರಡು ವಾರದಲ್ಲಿ ಒಟ್ಟು ಒಂದು ಗಂಟೆಯಷ್ಟು ಆಡಿದ ಮಕ್ಕಳಿಗೆ ಸಂಖ್ಯೆಯ ತಿಳುವಳಿಕೆ ಜಾಸ್ತಿ ಆಗಿತ್ತು. ಅಂಕಿ ಬದಲು ಬರೀ ಬಣ್ಣದ ಮನೆಗಳಿದ್ದ ಆಟ ಆಡಿದ ಮಕ್ಕಳಿಗೆ ಆಗಿರಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಕಾಯಿ 4ರ ಮನೆಯಲ್ಲಿದ್ದು ಎರಡು ಬಿದ್ದರೆ ‘ಒಂದು, ಎರಡು’ ಅಂತ ನಡೆಸಬಾರದು. ‘ಐದು, ಆರು’ ಅಂತ ಮನೆಯ ಅಂಕಿ ಹೇಳುತ್ತಾ ನಡೆಸಬೇಕು. ಹಾವು ಏಣಿ ಆಡುವಾಗಲೂ ಇದೇ ಅಭ್ಯಾಸ ಮಾಡಿಸಿ.

ಎಣಿಕೆ ಕನ್ನಡದಲ್ಲೂ ಮಾಡಿ. ಶಾಲೆಯಲ್ಲಿ ಒನ್ ಟೂ ಇದ್ದರೂ ಪರವಾಗಿಲ್ಲ. ಇಪ್ಪತ್ತು ದಾಟಿದ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು, ಮೂವತ್ತಮೂರು ಅಂತ ಹತ್ತು ಎಷ್ಟು, ಬಿಡಿ ಎಷ್ಟು ಅನ್ನೋದು ಕಿವಿಗೇ ಕೇಳುತ್ತದೆ. ಅಡುಗೆಮನೆಯಲ್ಲಿ ಅರ್ಧ ಲೀಟರ್ ಹಾಲು, ಕಾಲು ಕೆಜಿ ಬೆಂಡೆಕಾಯಿ, ಮುಕ್ಕಾಲು ಲೋಟ ನೀರು ಅನ್ನೋ ಮಾತು ಹೇಗೂ ಬರುತ್ತದೆ. ಅವಳ ಕೈಯಲ್ಲೇ ಅಳೆಸಿ. ರಂಗೋಲಿ ಹಾಕುವ ಮನೆಯಾದರೆ ಚುಕ್ಕಿ ಇಡಲು ಬಿಡಿ. ಏಳು ಚುಕ್ಕಿಯಿಂದ ನಾಲ್ಕಕ್ಕೆ ಇಳಿಸುವಾಗ ಏಳು, ಆರು, ಐದು, ನಾಲ್ಕು ಅಂತ ಹಿಂದಕ್ಕೆ ಎಣಿಸಲೇಬೇಕು. ಚುಕ್ಕಿಗಳ ನಡುವೆ ಚುಕ್ಕಿ ಕೂರಿಸುವುದು ದೊಡ್ಡವರಿಗೇ ತಪ್ಪುತ್ತದೆ, ಅವಳದ್ದು ಸೊಟ್ಟಗಾದರೆ ಸುಮ್ನೆ ಬಿಟ್ಟುಬಿಡಿ.

ಇನ್ನು ಅಕ್ಷರ. ಅ ಆ ಇ ಈ ಅಂತ ಸಾಲಾಗಿ ಕಲಿಸುವುದರಲ್ಲಿ ಒಂದು ತೊಂದರೆ ಇದೆ. 13 ಸ್ವರ ಕಲಿತರೂ ಮಗು ಓದಲು ಪದವೇ ಸಿಗುವುದಿಲ್ಲ. ಬರೀ ಸ್ವರದಲ್ಲಿ ಏನು ಓದುತ್ತೀರಿ? ಆಮೇಲೆ 34 ವ್ಯಂಜನ ಮುಗಿಯಬೇಕು, ಅಷ್ಟರಲ್ಲಿ ಮೊದಲಿನವು ಮರೆತಿರುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಶುರುವಾಯಿತು. ಅದಕ್ಕೆ ಮುಂಚೆ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದಿದ್ದರು. ನಲಿಕಲಿಯಲ್ಲಿ ಈ ಸಾಲನ್ನೇ ಮುರಿದುಬಿಟ್ಟರು. ನಮ್ಮಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ಮಗ, ದನ, ಜನ, ಬಸವ. ‘ನಾನು ಓದಿದೆ’ ಅಂತ ಮಗುವಿಗೆ ಮೊದಲ ವಾರವೇ ಅನ್ನಿಸಬೇಕು, ಗುಟ್ಟು ಅದೇ.

ಮನೆಯಲ್ಲಿ ಮಾಡೋದು ಸುಲಭ. ಮದುವೆ ಕಾರ್ಡಿನ ಹಿಂಬದಿ ಕತ್ತರಿಸಿ ಐದು ಅಕ್ಷರ ದಪ್ಪಗೆ ಬರೆಯಿರಿ. ರ ಮತ್ತು ಗ ಎರಡೆರಡು ಇರಲಿ, ಸ ಕೂಡ. ‘ಸ’ ಪಕ್ಕ ‘ರ’ ಇಟ್ಟು ‘ಸರ’ ಓದಿ. ತಿರುಗಿಸಿ ಇಟ್ಟರೆ ‘ರಸ’. ಈ ತಿರುವು ನೋಡಿ ನಗದ ಮಗುವನ್ನು ನಾನು ಕಂಡಿಲ್ಲ. ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ದಿನ ಎದುರಿಗಿಡಬೇಡಿ. ‘ವ’ಗೂ ‘ಮ’ಗೂ ಇರುವ ವ್ಯತ್ಯಾಸ ಬಲಗಡೆಯ ಒಂದು ಸಣ್ಣ ಕೊಂಡಿ, ಅಷ್ಟೇ. ‘ಪ’ ಮತ್ತು ‘ಷ’ ಇನ್ನೂ ಹತ್ತಿರ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕಾಗುಣಿತಕ್ಕೂ ಇದೇ ದಾರಿ. ಕ ಕಾ ಕಿ ಕೀ ಅಂತ ಮಗ್ಗಿ ಥರ ಒಪ್ಪಿಸುವ ಬದಲು, ‘ಸರ’ ಗೊತ್ತಾದಮೇಲೆ ‘ಸಾರ’ ತೋರಿಸಿ, ‘ಮರ’ ಗೊತ್ತಾದಮೇಲೆ ‘ಮರಿ’ ತೋರಿಸಿ. ಒಂದು ಗುಡಿಸು ಬಂದರೆ ಮರ ಹೋಗಿ ಮರಿ ಆಯಿತು. ಸಾವಕಾಶವಾಗಿ ಆಗಲಿ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದ ಕಲಿಕೆ ನಾಲ್ಕನೇ ತರಗತಿಯ ತನಕ ಎಳೆಯುತ್ತದೆ. 26 ಅಕ್ಷರದ ಇಂಗ್ಲಿಷ್ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ಕಾರ್ಡಿಗಿಂತ ಮೊದಲು ಕಿವಿ ತಯಾರಾಗಬೇಕು ಅನ್ನೋದೂ ಇದೆ. ಪದ ಹೇಳಿ ಚಪ್ಪಾಳೆ ತಟ್ಟಿಸಿ, ಕಿ-ಟ-ಕಿ ಮೂರು, ಮ-ರ ಎರಡು. ಸೊಪ್ಪು ಬಿಡಿಸುವಾಗ ‘ಬ ಇಂದ ಶುರುವಾಗೋ ತರಕಾರಿ ಹೇಳು’ ಅನ್ನಿ. ‘ಕಮಲದಲ್ಲಿ ಕ ತೆಗೆದರೆ ಏನು ಉಳೀತು?’ ಅಂತ ಕೇಳಿ. ಮಲ ಅಂತ ಗೊತ್ತಾದ ಮೇಲೆ ಎರಡು ದಿನ ಅದೇ ಹೇಳಿ ನಗುತ್ತಾಳೆ, ಅದಕ್ಕೆ ನೀವು ತಯಾರಿರಿ. ಹೊರಗೆ ಹೋದಾಗ ಬೋರ್ಡು ಓದಿಸಿ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ ಮೇಲೆ ಬೆಂಗಳೂರಿನಲ್ಲೂ ದಾರಿಯಲ್ಲೇ ಪಾಠ ಸಿಗುತ್ತದೆ. ಅವಳಿಗೆ ಗೊತ್ತಿರುವ ಒಂದೇ ಒಂದು ಅಕ್ಷರ ಹುಡುಕಿದರೂ ಸಾಕು.

ರಾತ್ರಿ ಮಲಗುವ ಮುಂಚೆ ಒಂದು ಕಥೆ ಓದಿ ಹೇಳಿ. ಹೇಳುವುದು ಬೇರೆ, ಪುಸ್ತಕ ಹಿಡಿದು ಓದಿ ಹೇಳುವುದು ಬೇರೆ, ಎರಡೂ ಬೇಕು. ಓದುವಾಗ ಸಾಲಿನ ಕೆಳಗೆ ಬೆರಳು ಓಡಲಿ. ಮಧ್ಯೆ ನಿಲ್ಲಿಸಿ ‘ಈಗ ಏನಾಗುತ್ತೆ?’ ಅಂತ ಕೇಳಿ, ಕೊನೆಗೆ ‘ಈ ಕಥೆಯ ನೀತಿ ಏನು?’ ಅಂತ ಮಾತ್ರ ಕೇಳಬೇಡಿ. ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಹಂತಕ್ಕೆ ತಕ್ಕ ಹಾಗೆ ವಿಂಗಡಿಸಿದ್ದಾರೆ. ಒಂದನೇ ಹಂತ ನಿಮ್ಮ ಮಗಳಿಗೆ ಸರಿ. ಮನೆಮಾತು ತುಳುವೋ ಉರ್ದುವೋ ತೆಲುಗೋ ಆಗಿದ್ದರೆ ಕಥೆ ಹೇಳುವಾಗ ಅದರಲ್ಲೇ ಮಾತಾಡಿ. ಮಾತು ಜಾಸ್ತಿ ಇರುವ ಮಗುವಿಗೆ ಯಾವ ಭಾಷೆಯ ಓದಾದರೂ ಬೇಗ ಹತ್ತುತ್ತದೆ.

ಬರವಣಿಗೆಗೆ ಬೆರಳಲ್ಲಿ ಶಕ್ತಿ ಬರಬೇಕು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕಲು ಕೂರಿಸಿ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳು ಇಟ್ಟು ಒತ್ತಿದರೆ ಪುಳಕ್ ಅಂತ ಹೊರಗೆ ಬರುತ್ತದಲ್ಲ, ಪೆನ್ಸಿಲ್ ಹಿಡಿಯುವುದೂ ಅದೇ ಬೆರಳುಗಳು. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ‘ರ’ ಬರೆಸಿ, ಅಲ್ಲಾಡಿಸಿದರೆ ಅಳಿಸಿಹೋಗುತ್ತದೆ, ತಪ್ಪಿನ ಗುರುತೇ ಇರಲ್ಲ. ಅಂಕಿ, ಅಕ್ಷರ ಉಲ್ಟಾ ಬರೆದರೆ ಈ ವಯಸ್ಸಿಗೆ ಅದು ಸಹಜ, ಬೈಯಬೇಡಿ. ಆದರೆ ಕರೆದರೆ ತಿರುಗದಿದ್ದರೆ, ಪದೇ ಪದೇ ‘ಏನು?’ ಅನ್ನುತ್ತಿದ್ದರೆ, ಮನೆಯವರಲ್ಲದವರಿಗೆ ಅವಳ ಮಾತು ಅರ್ಥವಾಗದಿದ್ದರೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಕಣ್ಣೂ ಅಷ್ಟೇ.

ಆ ಎರಡು ಪುಟ ಶಾಲೆಯವರು ಕೊಡುವ ಹೋಂವರ್ಕ್ ಆಗಿದ್ದರೆ ಟೀಚರ್ ಹತ್ತಿರ ನೇರವಾಗಿ ಮಾತಾಡಿ. ‘ಮಿಸ್, ಇವಳು ಒಂದು ಸಾಲು ಬರೆದು ಉಳಿದದ್ದನ್ನು ಹಿಟ್ಟಿನಲ್ಲಿ ಬರೀತಾಳೆ, ಫೋಟೋ ಕಳಿಸ್ತೀನಿ’ ಅನ್ನಿ. ಬಹಳಷ್ಟು ಟೀಚರ್‌ಗಳು ಒಪ್ಪುತ್ತಾರೆ. ಎಷ್ಟೋ ಸಲ ‘ಪಕ್ಕದ ಶಾಲೆಯಲ್ಲಿ ಜಾಸ್ತಿ ಬರೆಸ್ತಾರೆ’ ಅನ್ನೋ ಪೋಷಕರ ಒತ್ತಾಯಕ್ಕೇ ಅವರು ಅಷ್ಟು ಕೊಟ್ಟಿರುತ್ತಾರೆ.