ರೂಟಿಂಗ್ ಟೇಬಲ್‌ನಲ್ಲಿ ಯಾವ ಸಾಲು ಯಾವ ರೂಟ್ ಅಂತ ಗುರುತಿಸೋದು

ರೂಟಿಂಗ್ ಟೇಬಲ್ (ಯಾವ ನೆಟ್‌ವರ್ಕಿನ ಪ್ಯಾಕೆಟ್ ಎತ್ತ ಕಳಿಸಬೇಕು ಅನ್ನೋ ರೂಟರಿನ ಪಟ್ಟಿ, ‘ಷೋ ಐಪಿ ರೂಟ್’ ಕೊಟ್ಟರೆ ಕಾಣುತ್ತದೆ) ಬಗ್ಗೆ ನಿಮ್ಮ ಪ್ರಶ್ನೆ ಎರಡು. ಕಾನ್ಫಿಗರ್ ಮಾಡದ 10.0.0.0/8 ಟೇಬಲ್‌ಗೆ ಎಲ್ಲಿಂದ ಬಂತು? 10.1.1.0/24 ಇದ್ದ ಮೇಲೂ ಕೆಳಗೆ 10.1.1.1/32 ಯಾಕೆ? ಸಿಸ್ಕೊ ರೂಟರ್ ಅಂದಿದ್ದೀರಿ, ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಆ /8 ಸಾಲು. ಗೆರೆಯ ನಂತರದ ಅಂಕಿ ಮಾಸ್ಕ್, ಅಡ್ರೆಸ್ಸಿನ ಮೊದಲ ಎಷ್ಟು ಬಿಟ್ ನೆಟ್‌ವರ್ಕಿನದು ಅನ್ನೋದು. ಆ ಸಾಲಿನ ಎಡಗಡೆ ಅಕ್ಷರ ಇಲ್ಲ, ನೆಕ್ಸ್ಟ್ ಹಾಪ್ (ಮುಂದಿನ ರೂಟರಿನ ಅಡ್ರೆಸ್) ಇಲ್ಲ, ಇಂಟರ್‌ಫೇಸ್ (ಪ್ಯಾಕೆಟ್ ಹೊರಡುವ ಪೋರ್ಟ್) ಹೆಸರೂ ಇಲ್ಲ, ಅಲ್ವಾ? ಅಂದರೆ ಪ್ಯಾಕೆಟ್ ಎತ್ತ ಹೋಗಬೇಕು ಅಂತ ಅದು ಹೇಳುವುದೇ ಇಲ್ಲ. ಅದು ಪೇರೆಂಟ್ ರೂಟ್, ಸುಮ್ನೆ ಒಂದು ತಲೆಬರಹ. ಹಳೆಯ ಕ್ಲಾಸ್ ಲೆಕ್ಕದಲ್ಲಿ 10 ಎ ಕ್ಲಾಸ್, ಅದರ ಮಾಸ್ಕ್ /8. ಅದಕ್ಕಿಂತ ಉದ್ದ ಮಾಸ್ಕಿನ ಒಂದು ಸಬ್‌ನೆಟ್ (ಆ ನೆಟ್‌ವರ್ಕಿನ ತುಂಡು) ಟೇಬಲ್‌ಗೆ ಬಂದರೆ ಸಾಕು, ರೂಟರ್ ತಾನೇ ಈ ತಲೆಬರಹ ಹಾಕಿ ಕೆಳಗೆ ಮಕ್ಕಳನ್ನು ಜೋಡಿಸುತ್ತದೆ. ಆ ಮಕ್ಕಳೇ ಲೆವೆಲ್ 2 ಚೈಲ್ಡ್ ರೂಟ್‌ಗಳು. ನೆಕ್ಸ್ಟ್ ಹಾಪ್ ಅಥವಾ ಹೊರಹೋಗುವ ಇಂಟರ್‌ಫೇಸ್ ಇರುವ ಸಾಲಿಗೆ ಅಲ್ಟಿಮೇಟ್ ರೂಟ್ ಅನ್ನುತ್ತಾರೆ, ಪ್ಯಾಕೆಟ್ ಹೋಗೋದು ಅದರಿಂದ ಮಾತ್ರ.

ಇಲ್ಲಿ ಒಂದು ಕಡೆ ತುಂಬಾ ಜನ ಜಾರುತ್ತಾರೆ. ಮಕ್ಕಳ ಮಾಸ್ಕ್ ಬೇರೆ ಬೇರೆ ಇದ್ದರೆ ತಲೆಬರಹದಲ್ಲಿ /8 ಮತ್ತು ‘ವೇರಿಯಬ್ಲಿ ಸಬ್‌ನೆಟೆಡ್’ ಅಂತ ಬರುತ್ತದೆ. ಎಲ್ಲಕ್ಕೂ ಒಂದೇ ಮಾಸ್ಕ್ ಇದ್ದರೆ ತಲೆಬರಹದಲ್ಲೇ 10.0.0.0/24 ಅಂತ ಕಾಣುತ್ತದೆ. ಆಗ ಆ /24 ಮಕ್ಕಳ ಮಾಸ್ಕ್. 10.0.0.0/24 ಅನ್ನೋ ನೆಟ್‌ವರ್ಕ್ ಇದೆ ಅಂತ ತಿಳಿಯಬೇಡಿ.

/32 ಸಾಲು ಇದಕ್ಕಿಂತ ಸುಲಭ. ಎಡಗಡೆ ‘ಎಲ್’ ಇರುತ್ತದೆ, ಲೋಕಲ್ ಅಂತ. ಅದು ರೂಟರಿನ ಸ್ವಂತ ಅಡ್ರೆಸ್. ಇಂಟರ್‌ಫೇಸಿಗೆ ಅಡ್ರೆಸ್ ಕೊಟ್ಟು ಅದು ಅಪ್ ಆದ ಕೂಡಲೇ ಎರಡು ಸಾಲು ಹುಟ್ಟುತ್ತವೆ: ಇಡೀ ನೆಟ್‌ವರ್ಕಿಗೆ ‘ಸಿ’ (ಕನೆಕ್ಟೆಡ್), ತನ್ನ ಅಡ್ರೆಸ್ಸಿಗೆ ‘ಎಲ್’. ಐಪಿವಿ6ನಲ್ಲಿ ಅದೇ /128. ಹಳೆಯ ಐಒಎಸ್‌ನಲ್ಲಿ (ಸಿಸ್ಕೊ ರೂಟರಿನ ಸಾಫ್ಟ್‌ವೇರ್) ಐಪಿವಿ4ಗೆ ಈ ‘ಎಲ್’ ಸಾಲು ಕಾಣುತ್ತಿರಲಿಲ್ಲ, ಅದಕ್ಕೇ ಹಳೆಯ ಪುಸ್ತಕಗಳಲ್ಲಿ ಸಿಗೋದಿಲ್ಲ.

ಉಳಿದ ಅಕ್ಷರಗಳಲ್ಲಿ ‘ಎಸ್’ ಸ್ಟ್ಯಾಟಿಕ್ (ನಾವೇ ಕೈಯಿಂದ ಬರೆದದ್ದು), ‘ಒ’ ಒಎಸ್‌ಪಿಎಫ್, ‘ಆರ್’ ರಿಪ್, ‘ಬಿ’ ಬಿಜಿಪಿ, ‘ಡಿ’ ಇಐಜಿಆರ್‌ಪಿ. ಕೊನೆಯ ನಾಲ್ಕು, ರೂಟರ್‌ಗಳು ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್‌ಗಳು. ನಕ್ಷತ್ರ ಇದ್ದರೆ ಡೀಫಾಲ್ಟ್ ರೂಟಿಗೆ (ಬೇರೆ ಯಾವ ಸಾಲೂ ಹೊಂದದಾಗ ಹಿಡಿಯುವ ದಾರಿ) ಅಭ್ಯರ್ಥಿ. ‘ಒ’ ಪಕ್ಕದ ಅಕ್ಷರ ಮಾತ್ರ ಬಿಡಬೇಡಿ. ‘ಐಎ’ ಅಂದರೆ ಒಎಸ್‌ಪಿಎಫ್‌ನದೇ ಬೇರೆ ಏರಿಯಾದಿಂದ (ಭಾಗದಿಂದ) ಬಂದದ್ದು, ‘ಇ1’, ‘ಇ2’ ಅಂದರೆ ಒಎಸ್‌ಪಿಎಫ್‌ನ ಹೊರಗಿಂದ ತಂದು ಸೇರಿಸಿದ್ದು. ‘ಇ2’ ಮೆಟ್ರಿಕ್ (ದಾರಿಯ ಖರ್ಚಿನ ಅಂಕಿ) ಸಾಮಾನ್ಯವಾಗಿ 20, ಎಷ್ಟು ದೂರ ಹೋದರೂ ಅಷ್ಟೇ ಇರುತ್ತದೆ, ‘ಇ1’ಗೆ ದಾರಿಯ ಖರ್ಚೂ ಕೂಡುತ್ತದೆ.

ಚೌಕ ಬ್ರಾಕೆಟ್‌ನ [110/2] ನೋಡಿ. ಮೊದಲನೆಯದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್, ಅಂದರೆ ಆ ಮೂಲವನ್ನು ಎಷ್ಟು ನಂಬಬಹುದು ಅನ್ನೋದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡನೆಯದು ಮೆಟ್ರಿಕ್. ಕನೆಕ್ಟೆಡ್ 0, ಸ್ಟ್ಯಾಟಿಕ್ 1, ಹೊರಗಿನ ಬಿಜಿಪಿ 20, ಇಐಜಿಆರ್‌ಪಿ 90, ಒಎಸ್‌ಪಿಎಫ್ 110, ರಿಪ್ 120. ಒಂದೇ ನೆಟ್‌ವರ್ಕ್, ಒಂದೇ ಮಾಸ್ಕ್ ಇದ್ದಾಗ ಮಾತ್ರ ಈ ಪೈಪೋಟಿ. ಮಾಸ್ಕ್ ಬೇರೆ ಆದರೆ ಎರಡೂ ಟೇಬಲ್‌ನಲ್ಲಿ ಇರುತ್ತವೆ, ಪ್ಯಾಕೆಟ್‌ಗೆ ಹೊಂದುವವುಗಳಲ್ಲಿ ಉದ್ದ ಮಾಸ್ಕಿನದೇ ಗೆಲ್ಲುತ್ತದೆ, ಅದು ರಿಪ್‌ನಿಂದ ಬಂದಿದ್ದರೂ ಸರಿ. 200 ಡಿಸ್ಟೆನ್ಸ್ ಕೊಟ್ಟು ಬ್ಯಾಕಪ್‌ಗೆ ಇಟ್ಟ ಸ್ಟ್ಯಾಟಿಕ್ ರೂಟ್ ಟೇಬಲ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ. ಒಎಸ್‌ಪಿಎಫ್ ದಾರಿ ಬಿದ್ದಾಗ ಅದು ಮೇಲೆ ಬರುತ್ತದೆ.

ಇನ್ನೊಂದು ಮೋಸದ ಸಾಲು ಇದೆ. ಸ್ಟ್ಯಾಟಿಕ್ ರೂಟಿಗೆ ನೆಕ್ಸ್ಟ್ ಹಾಪ್ ಕೊಡದೆ ಬರೀ ಇಂಟರ್‌ಫೇಸ್ ಹೆಸರು ಕೊಟ್ಟರೆ ಅದೂ ‘ಡೈರೆಕ್ಟ್ಲಿ ಕನೆಕ್ಟೆಡ್’ ಅಂತಲೇ ತೋರಿಸುತ್ತದೆ. ಅಕ್ಷರ ‘ಎಸ್’ ಇದ್ದರೆ ಅದು ಸ್ಟ್ಯಾಟಿಕ್ಕೇ, ಡಿಸ್ಟೆನ್ಸ್ ಕೂಡ 1. ಈಥರ್ನೆಟ್‌ನಲ್ಲಿ ಹೀಗೆ ಕೊಡಲೇಬೇಡಿ, ಪ್ರತಿ ಅಡ್ರೆಸ್ಸಿಗೂ ರೂಟರ್ ಎಆರ್‌ಪಿ (ಈ ಐಪಿಯ ಹಾರ್ಡ್‌ವೇರ್ ಅಡ್ರೆಸ್ ಯಾವುದು ಅನ್ನೋ ಪ್ರಶ್ನೆ) ಕೇಳುತ್ತಾ ಕೂರುತ್ತದೆ.

ಒಂದು ಸಾಲಿನ ಬಗ್ಗೆಯೇ ಅನುಮಾನ ಇದ್ದರೆ ‘ಷೋ ಐಪಿ ರೂಟ್ 10.2.2.5’ ಅಂತ ಅಡ್ರೆಸ್ ಸೇರಿಸಿ ಕೊಡಿ. ಯಾವ ಪ್ರೋಟೋಕಾಲ್, ಡಿಸ್ಟೆನ್ಸ್ ಎಷ್ಟು, ಒಎಸ್‌ಪಿಎಫ್ ಆದರೆ ಯಾವ ಬಗೆ ಅಂತ ಬಿಡಿಸಿ ಹೇಳುತ್ತದೆ. ಡೀಫಾಲ್ಟ್ ರೂಟಿನಿಂದ ಹೋಗುವ ಅಡ್ರೆಸ್ ಆದರೆ ಮಾತ್ರ ‘ಟೇಬಲ್‌ನಲ್ಲಿ ಇಲ್ಲ’ ಅನ್ನಬಹುದು, ನಂಬಬೇಡಿ. ಅದಕ್ಕೆ ‘ಷೋ ಐಪಿ ಸೆಫ್’ (ಪ್ಯಾಕೆಟ್ ಕಳಿಸಲು ರೂಟರ್ ನೋಡುವ ಪಟ್ಟಿ) ಕೊಟ್ಟು ಅದೇ ಅಡ್ರೆಸ್ ಹಾಕಿ, ಪ್ಯಾಕೆಟ್ ನಿಜವಾಗಿ ಹೊರಡುವ ಇಂಟರ್‌ಫೇಸ್ ಸಿಗುತ್ತದೆ.