‘ಆಂಕ್ಷಸ್’ ಅಂತ ಬರೆದು ಕೆಲಸ ಕಳ್ಕೊಂಡವನ ಉತ್ತರ

ಹ್ಯಾಪಿಗೆ ಎಂಟು, ಸ್ಯಾಡ್‌ಗೆ ಹತ್ತು ಅಂತ ದಿನಕ್ಕೆ 20 ಇಂಗ್ಲಿಷ್ ಸಿನೊನಿಮ್ (ಅದೇ ಅರ್ಥದ ಬೇರೆ ಪದ) ಬಾಯಿಪಾಠ ಮಾಡ್ತೀನಿ, ಬೆಳಗಾದರೆ ಅರ್ಧ ಮರೆತಿರುತ್ತೆ, ಇದಕ್ಕಿಂತ ಒಳ್ಳೆಯ ಪಟ್ಟಿ ಎಲ್ಲಿದೆ ಅಂತ ಕೇಳಿದ್ದೀರಿ. ಓದಿ ನಗು ಬಂತು. ನನ್ನ ಹಳೆಯ ನೋಟ್‌ಬುಕ್ಕೇ ಎದ್ದು ಬಂದು ಕೇಳಿದಂತಿತ್ತು.

ನನ್ನದು ಗಂಗಾವತಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಬಿ.ಕಾಂ. ಮುಗಿಸಿ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಸೇರಿದೆ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಭತ್ತದ ಲೋಡು ಬರುತ್ತೆ. ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ, ತೂಕದ ಚೀಟಿಗಳ ಪಕ್ಕದಲ್ಲೇ ನೋಟ್‌ಬುಕ್ ಇಟ್ಕೊಂಡು ಪದ ಗೀಚುತ್ತಿದ್ದೆ. ಹಾಳೆ ತಿರುವಿದರೆ ತೌಡಿನ ಧೂಳು ಉದುರುತ್ತಿತ್ತು. ಹ್ಯಾಪಿ ಅಂದರೆ ಗ್ಲ್ಯಾಡ್, ಕಂಟೆಂಟ್, ಇಲೇಟೆಡ್. ಈಗರ್ ಅಂದರೆ ಕೀನ್, ಎಂಥೂಸಿಯಾಸ್ಟಿಕ್, ಆಂಕ್ಷಸ್. ನನ್ನನ್ನು ಮುಳುಗಿಸಿದ್ದು ಈ ಕೊನೆಯ ಪದ.

2016ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಆಯ್ಕೆಯಾದೆ. ಯಾವಾಗ ಸೇರ್ತೀರಿ ಅಂತ ಮೇಲ್ ಬಂತು. ಸೋಮವಾರ ಬರ್ತೀನಿ ಸಾರ್ ಅಂತ ಬರೆದಿದ್ದರೆ ಮುಗೀತಿತ್ತು. ಆದರೆ ನೋಟ್‌ಬುಕ್ ಇತ್ತಲ್ಲ! ಈಗರ್ ಅನ್ನೋದು ಹೈಸ್ಕೂಲ್ ಹುಡುಗರ ಪದ ಅನ್ನಿಸ್ತು. ‘ಐ ಆಮ್ ವೆರಿ ಆಂಕ್ಷಸ್ ಅಬೌಟ್ ಜಾಯಿನಿಂಗ್ ಯುವರ್ ಕಂಪನಿ’ ಅಂತ ಬರೆದು ಕಳಿಸಿದೆ.

‘ವಿ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್ಸ್’ ಅಂತ ಒಂದೇ ಸಾಲಿನ ಉತ್ತರ ಬಂತು. ಕನ್ಸರ್ನ್ ಅಂದರೆ ಕಾಳಜಿ, ಅದೂ ನನ್ನ ಪಟ್ಟಿಯಲ್ಲಿತ್ತು. ‘ಕಂಪನಿಯವರಿಗೆ ನನ್ನ ಮ್ಯಾಲೆ ಭಾಳ ಕಾಳಜಿ ಐತಿ ಯವ್ವಾ’ ಅಂತ ಅವ್ವನಿಗೆ ಓದಿ ಹೇಳಿದೆ. ಹೊಸ ಬ್ಯಾಗೂ ತಂದೆ. ಐದನೇ ದಿನ ಫೋನ್ ಮಾಡಿದರೆ ಆ ಜಾಗಕ್ಕೆ ಬೇರೆಯವರನ್ನು ತಗೊಂಡಾಗಿತ್ತು. ‘ನಿಮಗೇ ಬರೋಕೆ ಆತಂಕ ಇತ್ತಲ್ಲ, ನೀವೇ ಬರೆದಿದ್ರಿ’ ಅಂದರು ಆ ಕಡೆಯ ಮೇಡಂ.

ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ, ಬೇಜಾರಾಗಬೇಡಿ. ಆಂಕ್ಷಸ್ ಮುಂದೆ ‘ಟು’ ಬಂದರೆ ಸೇರೋಕೆ ತುದಿಗಾಲಲ್ಲಿ ನಿಂತಿದ್ದೀನಿ ಅಂತ ಅರ್ಥ. ‘ಅಬೌಟ್’ ಬಂದರೆ ಸೇರೋ ಬಗ್ಗೆ ಒಳಗೊಳಗೇ ಅಂಜಿಕೆ ಇದೆ ಅಂತ. ನಾನು ಎರಡನೆಯದನ್ನು ಬರೆದಿದ್ದೆ, ಅದಕ್ಕೆ ವೆರಿ ಬೇರೆ ಸೇರಿಸಿದ್ದೆ. ಪಟ್ಟಿ ಸುಳ್ಳು ಹೇಳಿರಲಿಲ್ಲ, ಹೊಟ್ಟೆ ಉರಿಯೋದು ಅದಕ್ಕೇ. ಪದ ಕೊಟ್ಟಿತ್ತು, ಪದದ ಮುಂದೆ ಏನು ಬರಬೇಕು ಅಂತ ಕೊಟ್ಟಿರಲಿಲ್ಲ. ಇನ್ನೂ ಒಂದು ತಮಾಷೆ ಇದೆ. ನಮ್ಮ ‘ಕಾತರ’ ಇದೇ ಥರದ ಪದ ಅಲ್ವಾ? ಜಾತ್ರೆಗೆ ಹೋಗೋ ಹುಡುಗನಿಗೂ ಕಾತರ, ರಾತ್ರಿ ಹತ್ತಾದರೂ ಮಗ ಮನೆಗೆ ಬರದಿದ್ದರೆ ಅವ್ವನಿಗೂ ಕಾತರ. ಯಾರಾದರೂ ಆಗ ಆಂಕ್ಷಸ್ ಅಂದರೆ ಕಾತರ ಅಂದಿದ್ದರೆ ಸಾಕಿತ್ತು. ಆ ಪದಕ್ಕೆ ಎರಡು ಮುಖ ಇದೆ ಅಂತ ಕೇಳಿದ ಕೂಡಲೇ ಗೊತ್ತಾಗ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಪಟ್ಟಿ ಬದಲಿಸಬೇಡಿ, ಬಿಟ್ಟುಬಿಡಿ. ಭಾವನೆಗೆ ಸಿನೊನಿಮ್ ಅನ್ನೋದೇ ಅರ್ಧ ಸುಳ್ಳು. ಕನ್ನಡದಲ್ಲಿ ಸಿಟ್ಟು, ಮುನಿಸು, ಕಿರಿಕಿರಿ ಒಂದೇನಾ? ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತೆ, ಬಸ್ ಕಂಡಕ್ಟರ್ ಮೇಲೆ ಯಾರೂ ಮುನಿಸಿಕೊಳ್ಳಲ್ಲ. ಇಂಗ್ಲಿಷ್‌ನಲ್ಲೂ ಹಾಗೇ. ಸೊಳ್ಳೆ ಕಾಟದ ಕಿರಿಕಿರಿಗೆ ಇರಿಟೇಟೆಡ್. ಹಮಾಲರ ಕೂಲಿಯಲ್ಲಿ ಚೀಲಕ್ಕೆ ಒಂದು ರೂಪಾಯಿ ಸುಮ್ನೆ ಹಿಡಿದರೆ ಬರುತ್ತಲ್ಲ, ಅನ್ಯಾಯ ಕಂಡ ಸಿಟ್ಟು, ಅದು ಇಂಡಿಗ್ನಂಟ್. ಫ್ಯೂರಿಯಸ್ ಅಂದರೆ ಕೆಂಡಾಮಂಡಲ. ಅದರ ಹಿಂದೆ ವೆರಿ ಹಾಕಬೇಡಿ, ವೆರಿ ಅದರ ಹೊಟ್ಟೆಯಲ್ಲೇ ಇದೆ.

ನನಗೆ ಕೊನೆಗೆ ಪದ ಹತ್ತಿದ್ದು ನಡೆದದ್ದಕ್ಕೆ ಕಟ್ಟಿ ಹಾಕಿದಾಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ. ಆ ರಾತ್ರಿ ಹೊಳೆ ದಂಡೆಯವರು ಸ್ಕೇರ್ಡ್. ಮರುದಿನದಿಂದ, ತುಂಬಿದ ಡ್ಯಾಮ್ ಖಾಲಿಯಾದರೆ ಭತ್ತದ ಗತಿ ಏನು ಅಂತ ಗಂಗಾವತಿಯ ರೈತರೆಲ್ಲ ಆಂಕ್ಷಸ್, ಅದೂ ‘ಅಬೌಟ್’ ಜೊತೆಗೆ. ವಾರದೊಳಗೆ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ (ನೀರು ತಡೆಯೋ ತಾತ್ಕಾಲಿಕ ಗೇಟು) ಕೂರಿಸಿದಾಗ ರಿಲೀವ್ಡ್. ಹ್ಯಾಪಿ ಅಲ್ಲ, ರಿಲೀವ್ಡ್. ಆ ವಾರ ಕಲಿತ ಮೂರು ಪದ ಇವತ್ತಿಗೂ ಮರೆತಿಲ್ಲ. ನೀವೂ ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹಿಡಿದು ಒಂದೊಂದು ಪದಕ್ಕೆ ಒಂದು ಪೂರ್ತಿ ವಾಕ್ಯ ಬರೆಯಿರಿ. ವಾರಕ್ಕೆ ಮೂರಾದರೆ ಸಾಕು. ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿಯದು), ಬ್ಯಾಂಕ್ ಪರೀಕ್ಷೆಗೆ ಅಂತಿದ್ದರೆ ಪಟ್ಟಿ ಓದಿಕೊಳ್ಳಿ, ಅಲ್ಲಿ ಗುರುತು ಹಿಡಿದು ಟಿಕ್ ಹಾಕಿದರೆ ಆಯ್ತು. ಆ ಪಟ್ಟಿ ನೋಡಿ ಯಾರಿಗೂ ಮೇಲ್ ಮಾತ್ರ ಬರೆಯಬೇಡಿ.

ನನ್ನ ನೋಟ್‌ಬುಕ್ ಕೊಡ್ತೀರಾ ಅಂತ ಕೇಳ್ತೀರೇನೋ. ಅದನ್ನು ನಮ್ಮ ಓಣಿಯ ಮಿರ್ಚಿ ಬಂಡಿಯವನಿಗೆ ಕೊಟ್ಟು ವರ್ಷಗಳಾದವು. ಒಂದು ಸಂಜೆ ನನಗೇ ಬಿಸಿ ಮಿರ್ಚಿ ಸುತ್ತಿ ಕೊಟ್ಟ. ನೋಡಿದರೆ ಸ್ಯಾಡ್ ಪುಟ, ಎಣ್ಣೆ ಹೀರಿ ಮೆಲಂಕಲಿ ಒಂದೇ ಕಾಣ್ತಿತ್ತು.