ಮೊದಲು ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್ ನೋಡಿ

ಲಂಡನ್‌ನಲ್ಲಿ ಓದುತ್ತಾ ಮಾಡುವ ಪಾರ್ಟ್‌ಟೈಮ್ ಕೆಲಸದ ಸಂಬಳದಲ್ಲಿ ಐದನೇ ಒಂದು ಭಾಗ ತೆರಿಗೆಗೇ ಹೋಗುತ್ತಿದೆ ಅಂದರೆ, ಬಹುಶಃ ಟ್ಯಾಕ್ಸ್ ಕೋಡ್ (ಎಷ್ಟು ತೆರಿಗೆ ಹಿಡಿಯಬೇಕು ಅಂತ ಹೇಳುವ ಸಂಕೇತ) ತಪ್ಪಿದೆ. ಪೇಸ್ಲಿಪ್‌ನಲ್ಲಿ ಬಿಆರ್ ಅಥವಾ 0ಟಿ ಅಂತ ಇದೆಯಾ ನೋಡಿ; ಇವೆರಡರಲ್ಲೂ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಸೇರುವಾಗ ಸ್ಟಾರ್ಟರ್ ಚೆಕ್‌ಲಿಸ್ಟ್ (ಹೊಸ ಕೆಲಸಗಾರರು ತುಂಬುವ ಫಾರ್ಮ್) ಕೊಡದಿದ್ದರೆ, ಇಲ್ಲವೇ ಅದರಲ್ಲಿ ಬೇರೆ ಕೆಲಸವೂ ಇದೆ ಅಂತ ಟಿಕ್ ಮಾಡಿದ್ದರೆ ಹೀಗಾಗುತ್ತದೆ. ಇರುವುದು ಒಂದೇ ಕೆಲಸ ಅಂದರೆ ಸಾಮಾನ್ಯವಾಗಿ 1257ಎಲ್ ಇರಬೇಕು. ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆಯೇ ಇಲ್ಲ.

ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇಟ್ಟುಕೊಂಡು ಬ್ರಿಟನ್‌ನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯ ಆ್ಯಪ್‌ನಲ್ಲಿ ಕೆಲಸದ ವಿವರ ಸರಿಪಡಿಸಿ. ಸುಮ್ನೆ ಮ್ಯಾನೇಜರ್‌ಗೆ ಹೇಳಿದರೆ ಸಾಲದು, ಹೊಸ ಕೋಡ್ ಎಚ್‌ಎಂಆರ್‌ಸಿಯಿಂದಲೇ ಬರಬೇಕು. ತೆರಿಗೆ ವರ್ಷ ಮುಗಿಯುವ ಏಪ್ರಿಲ್ 5ರೊಳಗೆ ಸರಿಯಾದರೆ ಜಾಸ್ತಿ ಕಡಿತವಾದದ್ದು ಸಾಮಾನ್ಯವಾಗಿ ಸಂಬಳದ ಜೊತೆಗೇ ವಾಪಸ್ ಬರುತ್ತದೆ.

ಎರಡು ಕೆಲಸ ಇದ್ದರೆ ಮಾತ್ರ ಎರಡನೆಯದಕ್ಕೆ ಬಿಆರ್ ಸರಿಯೇ ಇರಬಹುದು. ಬಾಡಿಗೆಗೆ ಸಾಲದು ಅಂತ ಹೆಚ್ಚು ಶಿಫ್ಟ್ ಹಿಡಿಯಬೇಡಿ. ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಓದುವವರಿಗೆ ತರಗತಿ ನಡೆಯುವಾಗ ಸಾಮಾನ್ಯವಾಗಿ ಇರುವ ವಾರಕ್ಕೆ 20 ಗಂಟೆಯ ಮಿತಿ ಎಲ್ಲಾ ಕೆಲಸಕ್ಕೂ ಸೇರಿಯೇ.